ಬಿಳಿ ಕೊಡೆಯ ನಡುವೆ ಕೆಂಪು ಚುಕ್ಕೆ

ಪ್ರಶ್ನೆ: ಹೋದ ವರ್ಷ ಅಮೆರಿಕದ ಓಹಾಯೋದಲ್ಲಿ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆ. ವಾಕಿಂಗ್ ಹೋಗುವ ರಸ್ತೆ ಬದಿಯಲ್ಲಿ, ಮನೆ ಕಟ್ಟಲು ಅಗೆದು ಬಿಟ್ಟ ಜಾಗದಲ್ಲಿ ಎಲ್ಲ ಕಡೆ ಬಿಳಿ ಕೊಡೆಯಂಥ ಹೂವು, ಕೆಲವದರ ನಡುವೆ ಒಂದೇ ಒಂದು ಕಡುಗೆಂಪು ಚುಕ್ಕೆ. ಎಲೆ ತಿಕ್ಕಿದರೆ ಗಜ್ಜರಿ ವಾಸನೆ. ಇದು ಯಾವ ಗಿಡ? ಗಡ್ಡೆ ತಿನ್ನಬಹುದೇ? ಸ್ವಲ್ಪ ಬೀಜ ತಂದಿದ್ದೇನೆ, ಬಾಲ್ಕನಿಯ ಕುಂಡದಲ್ಲಿ ಹಾಕಲೇ? ಫೋಟೋ ಕಳಿಸಿದ್ದೇನೆ.
– ಓದುಗರು, ಕೊಥ್ರೂಡ್, ಪುಣೆ

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ಅದು ಕಾಡು ಗಜ್ಜರಿ, ಡಾಕಸ್ ಕರೋಟಾ. ಅಲ್ಲಿನವರು ಕ್ವೀನ್ ಆನ್ಸ್ ಲೇಸ್ ಅನ್ನುತ್ತಾರೆ. ನಾವು ಮಂಡಈ ಮಾರುಕಟ್ಟೆಯಿಂದ ತರುವ ಗಜ್ಜರಿಯೂ ಇದೇ ಜಾತಿ. ಅದನ್ನು ಹೂ ಬಿಡುವ ಮೊದಲೇ ಕಿತ್ತು ತಿನ್ನುತ್ತೇವೆ, ಅದಕ್ಕೇ ಗಜ್ಜರಿ ಹೂವು ನೋಡಿದವರು ಕಡಿಮೆ. ಅಮೆರಿಕಕ್ಕೆ ಇದು ಯುರೋಪಿನಿಂದ ಹೋದ ಗಿಡ. ಮೊದಲ ವರ್ಷ ನೆಲಕ್ಕೆ ಅಂಟಿದ ಎಲೆ ಅಷ್ಟೇ, ಎರಡನೇ ವರ್ಷ ಹೂ ಬಿಟ್ಟು ಬೀಜ ಉದುರಿಸಿ ಸಾಯುತ್ತದೆ.

ಆದರೆ ಹೂವು ನೋಡಿ ಮಾತ್ರ ತೀರ್ಮಾನಿಸಬೇಡಿ. ಸಬ್ಬಸಿಗೆ, ಕೊತ್ತಂಬರಿ, ಅಜವಾನ ಎಲ್ಲದರ ಹೂವೂ ಹೀಗೇ ಕೊಡೆಯ ಹಾಗೆ ಇರುತ್ತದೆ ಅಲ್ವಾ, ಅದೇ ಕುಟುಂಬದಲ್ಲಿ ಹೆಮ್ಲಾಕ್ ಕೂಡ ಇದೆ, ಕ್ರಿಸ್ತಪೂರ್ವ 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ ವಿಷದ ಗಿಡ. ಅದೂ ಯುರೋಪಿನಿಂದಲೇ ಬಂದದ್ದು, ಅದೂ ಎರಡು ವರ್ಷದ ಗಿಡ, ಅದೂ ಅಂಥದೇ ರಸ್ತೆ ಬದಿಯಲ್ಲಿ ಬೆಳೆಯುತ್ತದೆ. ಹಾಗಾಗಿ ಕಾಂಡ ನೋಡಬೇಕು. ಕಾಡು ಗಜ್ಜರಿಯ ಕಾಂಡ ಹಸಿರು, ಮೈತುಂಬ ರೋಮ. ಹೆಮ್ಲಾಕಿನದು ನುಣುಪು, ಮೇಲೆ ನೇರಳೆ ಕಲೆಗಳು, ಆಳೆತ್ತರಕ್ಕೂ ಬೆಳೆಯುತ್ತದೆ, ಎಲೆ ಜಜ್ಜಿದರೆ ಕೆಟ್ಟ ವಾಸನೆ. ಕೆಂಪು ಚುಕ್ಕೆಯನ್ನು ನಂಬಿ ಕೂರುವ ಹಾಗಿಲ್ಲ, ಕಾಡು ಗಜ್ಜರಿಯ ಎಷ್ಟೋ ಹೂಗಳಲ್ಲಿ ಅದು ಇರುವುದೇ ಇಲ್ಲ. ನಿಮ್ಮ ಫೋಟೋದಲ್ಲಿ ರೋಮ ಚೆನ್ನಾಗಿ ಕಾಣುತ್ತದೆ, ಹೂಗೊಂಚಲಿನ ಕೆಳಗೆ ಕವಲೊಡೆದ ಹಸಿರು ಎಳೆಗಳೂ ಇವೆ. ಅದೂ ಕಾಡು ಗಜ್ಜರಿಯ ಗುರುತೇ.

ತಿನ್ನುವ ಮಾತು ಬೇಡ. ಹೂ ಬಿಟ್ಟ ಗಿಡದ ಗಡ್ಡೆ ಕಟ್ಟಿಗೆಯಂತಿರುತ್ತದೆ, ಎಳೆಯದನ್ನು ಕೀಳಲು ಹೋದರೆ ಆಗ ಹೂವೇ ಇಲ್ಲ, ಬರೀ ಎಲೆ ನೋಡಿ ತಪ್ಪಿದರೆ ಜೀವಕ್ಕೇ ಅಪಾಯ.

ಬೀಜವನ್ನೂ ದಯವಿಟ್ಟು ಹಾಕಬೇಡಿ. ಹೊರದೇಶದ ಬೀಜವನ್ನು ಅನುಮತಿ ಇಲ್ಲದೆ ತರುವಂತೆಯೇ ಇಲ್ಲ. ಹೊರದೇಶದಿಂದ ಬಂದ ಕಾಂಗ್ರೆಸ್ ಗಿಡ ನಮ್ಮ ದೇಶದಲ್ಲಿ ಹರಡುತ್ತಿರುವುದು ಮೊದಲು ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಇದೇ ಪುಣೆಯಲ್ಲಿ. ಇವತ್ತು ಅದಿಲ್ಲದ ಖಾಲಿ ಸೈಟು ತೋರಿಸಿ ನೋಡೋಣ! ತಂದ ಬೀಜವನ್ನು ಚೆನ್ನಾಗಿ ಕುದಿಸಿ ಆಮೇಲೆ ಎಸೆಯಿರಿ. ಕಾಡು ಗಜ್ಜರಿಯ ಬೀಜಕ್ಕೆ ಸಣ್ಣ ಮುಳ್ಳುಗಳಿವೆ, ಬಟ್ಟೆಗೆ ಅಂಟುತ್ತದೆ. ಅಲ್ಲಿ ವಾಕಿಂಗಿಗೆ ಹಾಕಿದ್ದ ಸಾಕ್ಸ್, ಶೂ ಲೇಸನ್ನೂ ಒಮ್ಮೆ ನೋಡಿಬಿಡಿ.