ಮಡಿಕೇರಿ ಮನೆಯ ಕಡಲಚಿತ್ರದ ಪ್ರಿಂಟ್ ಉಬ್ಬಿದ್ದಕ್ಕೆ
ಮಡಿಕೇರಿಯ ಮನೆಯಲ್ಲಿ ತೂಗುಹಾಕಿದ ಕಡಲಚಿತ್ರದ ಪ್ರಿಂಟ್ ಒಂದೇ ಮಳೆಗಾಲಕ್ಕೆ ಉಬ್ಬಿ, ಬೂಷ್ಟಿನ ಬಿಳಿ ಚುಕ್ಕೆ ಬಂದಿದೆಯೆಂದರೆ, ಬಹುಶಃ ಮೌಂಟ್ (ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಬಿಡುವ ದಪ್ಪ ರಟ್ಟಿನ ಅಂಚು) ಇಲ್ಲದೆ ಕಾಗದವನ್ನು ಗಾಜಿಗೇ ಒತ್ತಿ ಫ್ರೇಮ್ ಹಾಕಿದ್ದಾರೆ. ತೇವಕ್ಕೆ ಹಿಗ್ಗಿದ ಕಾಗದಕ್ಕೆ ಜಾಗವಿಲ್ಲದೆ ಅಲೆಯೇಳುತ್ತದೆ (ಕಡಲಿನ ಚಿತ್ರವಾದರೂ ಆ ಅಲೆ ಬೇಡ).

ಮಳೆ ಬಿಟ್ಟ ದಿನ ಹಿಂಬದಿಯ ಟೇಪ್ ಕತ್ತರಿಸಿ ಬಿಚ್ಚಿ. ಗಾಜಿಗೆ ಅಂಟಿದ್ದರೆ ಎಳೆಯಬೇಡಿ. ಆಗ ಪ್ರಿಂಟ್ ಉಳಿಯುವುದೇ ಅನುಮಾನ. ಬಿಡಿಯಾಗಿದ್ದರೆ ನೆರಳಲ್ಲಿ 2 ದಿನ ಒಣಗಿಸಿ, ಮನೆಯ ಹೊರಗೆ ಮೆತ್ತನೆಯ ಒಣ ಬ್ರಶ್‌ನಿಂದ ಚುಕ್ಕೆ ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಿದರೆ ಇಂಕ್ ಹರಡಬಹುದು.

ಮತ್ತೆ ಫ್ರೇಮ್ ಹಾಕಿಸುವಾಗ 2 ಮಿ.ಮೀ. ಆಸಿಡ್‌ರಹಿತ ಮೌಂಟ್, ಹಿಂದೆ ಎಂಡಿಎಫ್ (ಮರದ ನಾರಿನ ಹಲಗೆ) ಬದಲು ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ಕೇಳಿ. ಪ್ರಿಂಟಿನ ಮೇಲಂಚು ಮಾತ್ರ ಅಂಟಿಸಲಿ, ನಾಲ್ಕೂ ಕಡೆ ಅಂಟಿಸಿದರೆ ಮತ್ತೆ ಇದೇ ಕಥೆ. ಫ್ರೇಮಿನ ಹಿಂಬದಿಯ ಕೆಳಮೂಲೆಗಳಿಗೆ ರಬ್ಬರ್ ಗುಂಡಿ ಅಂಟಿಸಿ, ಮಳೆ ಹೊಡೆಯುವ ಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ.