ತೋಟದಲ್ಲಿ ಕಾಣೆಯಾದ ಕೊನೆಗೌಡ

ಓದುಗರ ಪ್ರಶ್ನೆ: ಅನಿಮೇಶನ್

ಪ್ರಶ್ನೆ: ನಾನು ಅನಿಮೇಶನ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೇನೆ. ಎರಡು ನಿಮಿಷದ 2ಡಿ ಚಿತ್ರವೊಂದನ್ನು ಸ್ವಂತ ಪಾತ್ರ, ಸ್ವಂತ ಹಿನ್ನೆಲೆಯೊಂದಿಗೆ ಮಾಡಿ ಒಪ್ಪಿಸಬೇಕು. ನಮ್ಮೂರು ಶಿರಸಿಯ ಕಡೆಯದಾದ್ದರಿಂದ ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕೊನೆಗೌಡನನ್ನೇ ಆರಿಸಿಕೊಂಡೆ. ಬಿಳಿ ಹಾಳೆಯ ಮೇಲೆ ಪಾತ್ರವನ್ನು ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ತೋಟದ ಚಿತ್ರದ ಮೇಲಿಟ್ಟರೆ ಅವನು ಕಾಣುವುದೇ ಇಲ್ಲ. ಹಿನ್ನೆಲೆಯನ್ನು ಮಸುಕು ಮಾಡಿದರೆ ತೋಟ ತೋಟವಾಗಿ ಉಳಿಯುವುದಿಲ್ಲ. ಎಲ್ಲಿ ತಪ್ಪಿದ್ದೇನೆ? ಎರಡೂ ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.
— ಒಬ್ಬ ವಿದ್ಯಾರ್ಥಿನಿ, ಉತ್ತರ ಕನ್ನಡ

ಉತ್ತರ: ಚಿತ್ರಗಳನ್ನು ನೋಡಿದೆ. ಬಿಡಿಬಿಡಿಯಾಗಿ ಎರಡರಲ್ಲೂ ಹೇಳಿಕೊಳ್ಳುವಂಥ ದೋಷವಿಲ್ಲ. ಅವು ಬೇರೆ ಬೇರೆ ದಿನ, ಬೇರೆ ಬೇರೆ ಹಾಳೆಯ ಮೇಲೆ, ಒಂದರ ಮುಖ ಒಂದು ನೋಡದೆ ಹುಟ್ಟಿವೆ. ತೊಂದರೆಯೆಲ್ಲ ಅಲ್ಲಿಂದಲೇ ಶುರುವಾಗಿದೆ. ಪಾತ್ರವನ್ನು ಮುಗಿಸಿ ಆಮೇಲೆ ಹಿನ್ನೆಲೆಗೆ ಕೈಹಾಕುವ ಅಭ್ಯಾಸ ತರಗತಿಗಳಲ್ಲಿ ಬೇರೂರಿಬಿಟ್ಟಿದೆ, ಏಕೆಂದರೆ ಪಠ್ಯಕ್ರಮದಲ್ಲಿ ಅವೆರಡೂ ಬೇರೆ ಬೇರೆ ಪತ್ರಿಕೆಗಳು.

ಮೊದಲು ಅಳತೆಯ ಲೆಕ್ಕ ಹಾಕೋಣ. ನಿಮ್ಮ ಚೌಕಟ್ಟು 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರದ್ದು, ಅಂದರೆ ಅಡ್ಡಲಾಗಿ ಮಲಗಿದ್ದು. ನಿಮ್ಮ ಕಥೆ ನಡೆಯುವುದೋ ನೆಟ್ಟಗೆ ನಿಂತ ಅಡಿಕೆ ಮರದಲ್ಲಿ. ಐವತ್ತು ಅಡಿಯ ಮರವೊಂದನ್ನು ಬುಡದಿಂದ ಚಂಡೆಯವರೆಗೆ, ಅಂದರೆ ಸೋಗೆಗಳಿರುವ ತುದಿಯವರೆಗೆ, ಒಂದೇ ಚೌಕಟ್ಟಿನಲ್ಲಿ ತೋರಿಸಿದರೆ ಐದೂವರೆ ಅಡಿಯ ಮನುಷ್ಯನಿಗೆ ಸಿಗುವ ಎತ್ತರ 120 ಪಿಕ್ಸೆಲ್ಲಿನ ಆಸುಪಾಸು. ನಿಮ್ಮ ಕೊನೆಗೌಡನ ಮೈಯನ್ನು ನೀವು ಐದು ತಲೆಯ ಅಳತೆಗೆ ಬರೆದಿದ್ದೀರಿ. ಹಾಗಾದರೆ ತಲೆಗೆ 24 ಪಿಕ್ಸೆಲ್, ಕಣ್ಣಿಗೆ ಮೂರೋ ನಾಲ್ಕೋ. ನೀವು ಅಷ್ಟು ಪ್ರೀತಿಯಿಂದ ತಿದ್ದಿದ ಹುಬ್ಬಿನ ನರೆಗೂದಲು, ಎಲೆಯಡಿಕೆ ಜಗಿದು ಕೆಂಪಾದ ತುಟಿ, ಅಂಗಿಯ ಐದು ಗುಂಡಿ, ಇವುಗಳಲ್ಲಿ ಒಂದೂ ಅಲ್ಲಿ ಉಳಿಯುವುದಿಲ್ಲ. ಉಳಿಯುವುದು ಹೊರ ಆಕಾರ ಮಾತ್ರ.

ಆದ್ದರಿಂದ ನಿಮ್ಮ ಚಿತ್ರಕ್ಕೆ ಪೂರ್ತಿ ಕಪ್ಪು ತುಂಬಿ, 120 ಪಿಕ್ಸೆಲ್ಲಿಗೆ ಇಳಿಸಿ ನೋಡಿದೆ. ಕೈಗಳು ಮೈಗೆ ಅಂಟಿ, ಕಾಲುಗಳು ಒಂದಕ್ಕೊಂದು ಅಂಟಿ, ಮರಕ್ಕೆ ಎದ್ದ ಗಂಟಿನ ಹಾಗೆ ಕಾಣುತ್ತಾನೆ. ಅವನು ಪಡಿತರ ಚೀಟಿಯ ಫೋಟೊಕ್ಕೆ ನಿಂತವನಂತೆ ಎದುರುಮುಖವಾಗಿ ನಿಂತಿರುವುದೇ ಇದಕ್ಕೆ ಕಾರಣ. ಕೊನೆಗೌಡನನ್ನು ನೆಲದ ಮೇಲೆ ನಿಲ್ಲಿಸಿ ಕಲ್ಪಿಸಿಕೊಳ್ಳುವ ಬದಲು ಮರದ ಮೇಲೆಯೇ ಕಲ್ಪಿಸಿಕೊಳ್ಳಿ: ಪಾದಗಳಿಗೆ ತಳೆ, ಅಂದರೆ ಮರ ಹತ್ತುವ ಬಳ್ಳಿಯ ಕುಣಿಕೆ, ಹಾಕಿ, ಮಂಡಿಗಳನ್ನು ಕಪ್ಪೆಯಂತೆ ಹೊರಚಾಚಿ, ಬೆನ್ನನ್ನು ಮರದಿಂದ ದೂರಕ್ಕೆ ಬಾಗಿಸಿ ಏರುವವನ ಮೈ ಹಿಂದಿನಿಂದ ನೋಡಿದರೆ ಕಾಂಡದ ಎರಡೂ ಬದಿಗೆ ಚಾಚಿಕೊಂಡ ಕೋನಗಳ ಆಕಾರವಾಗುತ್ತದೆ. ಎಲ್ಲ ಗೆರೆಗಳೂ ನೆಟ್ಟಗಿರುವ ತೋಟದಲ್ಲಿ ಓರೆಯಾದದ್ದು ಅವನೊಬ್ಬನೇ. ಆ ಓರೆಯನ್ನು ಹೆಚ್ಚಿಸಿ. ಪಾದಗಳನ್ನು ಅಳತೆಗಿಂತ ದೊಡ್ಡದಾಗಿಸಿ, ಮುಂಗೈ ದಪ್ಪವಾಗಲಿ, ಮೀನಖಂಡ ಬಡಕಲಾಗಲಿ, ಹೆಗಲ ಮೇಲಿನ ದೋಟಿ, ಅಂದರೆ ಕೊನೆ ಕೀಳುವ ಉದ್ದನೆಯ ಕೋಲು, ಚೌಕಟ್ಟನ್ನು ಅಡ್ಡಡ್ಡ ಸೀಳಲಿ. ಇನ್ನೊಂದು ಮಾತು. ನಿಮ್ಮ ಹಾಳೆಯ ಮೂಲೆಯಲ್ಲಿ ಬೇಲಿಗೂಟಕ್ಕೆ ಸಿಕ್ಕಿಸಿದ ಅಡಿಕೆ ಹಾಳೆಯ ಟೊಪ್ಪಿಯೊಂದನ್ನು ಸುಮ್ಮನೆ ಗೀಚಿ ಬಿಟ್ಟಿದ್ದೀರಿ. ನೀವು ಕಳಿಸಿದ್ದರಲ್ಲಿ ಅತ್ಯುತ್ತಮವಾದ ಗೆರೆ ಅದೇ! ಅದನ್ನು ಅವನ ತಲೆಗಿಡಿ. ಅಷ್ಟು ದೂರದಿಂದಲೂ ಗುರುತು ಸಿಗುವ ಆಕಾರ ಅದೊಂದೇ, ಮೇಲಾಗಿ ಅದು ಆ ತೋಟದ ಹಾಳೆಯಿಂದಲೇ ಆದದ್ದು.

ಈಗ ತೋಟಕ್ಕೆ ಬರೋಣ. ಹದಿನಾಲ್ಕು ಮರಗಳನ್ನು ಬರೆದಿದ್ದೀರಿ, ಹದಿನಾಲ್ಕಕ್ಕೂ ಒಂದೇ ಕಪ್ಪು, ಒಂದೇ ದಪ್ಪದ ಗೆರೆ, ಬುಡದಿಂದ ತುದಿಯವರೆಗೆ ಕಾಂಡದ ಸುತ್ತ ಎಣಿಸಿ ಬರೆದಂಥ ಗುರುತಿನ ಬಳೆಗಳು. ಮಸುಕು ಮಾಡಿದ್ದರಿಂದ ಪ್ರಯೋಜನವಾಗಲಿಲ್ಲವೆಂದರೆ ಆಶ್ಚರ್ಯವಿಲ್ಲ, ಏಕೆಂದರೆ ಮಸುಕಾದರೂ ಕಪ್ಪು ಕಪ್ಪೇ. ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸಿ ಮೂರೇ ಛಾಯೆಗಳಲ್ಲಿ ಮತ್ತೆ ಕಟ್ಟಿ. ಚೌಕಟ್ಟಿನ ಅಂಚಿನಲ್ಲಿ ಒಂದೋ ಎರಡೋ ಕಾಂಡಗಳು ದಟ್ಟ ಕಪ್ಪಾಗಿರಲಿ. ಅವುಗಳಿಗೆ ಒಳವಿವರ ಬೇಡ. ನಡುವೆ ಅವನು ಏರುವ ಮರ ಬೂದುಬಿಳುಪಾಗಿ, ಕಲ್ಲುಹೂವಿನ ತೇಪೆಗಳೊಂದಿಗೆ, ಬೆಳಕಿನಲ್ಲಿ ಇರಲಿ. ಬಳೆಗಳನ್ನು ಬರೆಯುವ ಆಸೆಯನ್ನೆಲ್ಲ ಈ ಒಂದೇ ಮರದಲ್ಲಿ ತೀರಿಸಿಕೊಳ್ಳಿ. ಹಿಂದಿನ ಮರಗಳು ಬೆಳಗಿನ ಮಂಜಿನ ಬಣ್ಣಕ್ಕೆ ಕರಗಲಿ. ತೋಟದಲ್ಲಿ ಸಸಿ ನೆಡುವ ಅಂತರ ಸಾಮಾನ್ಯವಾಗಿ 2.7 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಆದ್ದರಿಂದ ಸಾಲುಗಳು ದೂರ ಹೋದಂತೆ ಒತ್ತೊತ್ತಾಗಿ ಸೇರಿಕೊಳ್ಳುವುದನ್ನು ಅಳತೆಗೆ ತಕ್ಕಂತೆ ತೋರಿಸಿದರೆ ಸಾಕು, ತೋಟ ತೋಟವಾಗಿಯೇ ಕಾಣುತ್ತದೆ. ಅದಕ್ಕೆ ಎಲೆ ಎಲೆ ಬಿಡಿಸಬೇಕಾಗಿಲ್ಲ.

ಬಳೆಗಳ ಬಗ್ಗೆ ಒಂದು ಸೂಕ್ಷ್ಮವಿದೆ. ದುಂಡನೆಯ ಕಾಂಡದ ಮೇಲಿನ ಗುರುತು ನಮ್ಮ ಕಣ್ಣಿನ ಮಟ್ಟದಲ್ಲಿ ನೇರವಾಗಿ, ಅದಕ್ಕಿಂತ ಮೇಲೆ ಕಮಾನಿನಂತೆ, ಕೆಳಗೆ ತೊಟ್ಟಿಲಿನಂತೆ ಬಾಗಿ ಕಾಣುತ್ತದೆ. ನೀವು ಬುಡದಿಂದ ತುದಿಯವರೆಗೂ ತೊಟ್ಟಿಲನ್ನೇ ಬರೆದಿರುವುದರಿಂದ ನೋಡುವವನು ಮರದ ತುದಿಯಲ್ಲಿ ಕುಳಿತು ಕೆಳಗೆ ನೋಡುತ್ತಿರುವಂತಾಗಿದೆ, ಆದರೆ ನಿಮ್ಮ ನೆಲವನ್ನು ನೆಲದಲ್ಲಿ ನಿಂತು ನೋಡಿದಂತೆ ಬರೆದಿದ್ದೀರಿ. ಕ್ಯಾಮೆರಾ ಅವನೊಡನೆ ಮೇಲೇರುವ ದೃಶ್ಯಕ್ಕಾಗಿ ನಾಲ್ಕು ಪರದೆಯಷ್ಟು, ಎಂದರೆ 1920 ಅಗಲ, 4320 ಎತ್ತರದ ಒಂದೇ ಹಿನ್ನೆಲೆ ಬರೆಯಿರಿ. ಅಲ್ಲಿ ಕಣ್ಣಿನ ಮಟ್ಟವೇ ಏರುತ್ತಿರುತ್ತದೆ. ಹಾಗಾಗಿ ಬಳೆಗಳನ್ನು ಬಹುತೇಕ ನೇರವಾಗಿಯೇ ಬರೆದುಬಿಡುವುದು ಕ್ಷೇಮ. ಮುಂದಿನ ಕಾಂಡ, ನಡುವಿನ ಮರ, ಹಿಂದಿನ ಮಂಜು ಮೂರನ್ನೂ ಬೇರೆ ಬೇರೆ ಲೇಯರಿನಲ್ಲಿಟ್ಟು, ಹತ್ತಿರದ್ದನ್ನು ವೇಗವಾಗಿ, ದೂರದ್ದನ್ನು ನಿಧಾನವಾಗಿ ಇಳಿಸಿ. ಇದೇ ಪರಿಣಾಮಕ್ಕಾಗಿ 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೊ ಗಾಜಿನ ಹಲಗೆಗಳನ್ನು ಒಂದರ ಕೆಳಗೊಂದು ಜೋಡಿಸಿದ ಆಳೆತ್ತರ ಮೀರಿದ ಕ್ಯಾಮೆರಾವನ್ನೇ ಕಟ್ಟಿ ನಿಲ್ಲಿಸಿತ್ತು.

ಬಣ್ಣದಲ್ಲಿ ಅವನ ಹಸಿರು ಲುಂಗಿ ಮೊದಲು ಹೋಗಲಿ. ಹಸಿರು ತೋಟಕ್ಕೆ ಸೇರಿದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಮರ ಹತ್ತುವವನೂ ಇವನೇ ಎಂದಿಟ್ಟುಕೊಳ್ಳಿ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ತಿಳಿನೀಲಿ ಕಲೆ ಕೊಯ್ಲಿನ ಹೊತ್ತಿಗೂ ಅವನ ಅಂಗಿಯ ಹೆಗಲಿನಲ್ಲಿ ಮಾಸದೆ ಉಳಿದಿರಲಿ. ಕೆಂಪುಮಣ್ಣಿನ ಬಣ್ಣದ ಪಂಚೆ, ಮಾಸಿದ ಬಿಳಿ ಅಂಗಿ, ಅದರ ಮೇಲೊಂದು ನೀಲಿ ಕಲೆ. ಇಷ್ಟರಿಂದಲೇ ಅವನು ಹಸಿರಿನಿಂದ ಬಿಡಿಸಿಕೊಂಡು ಕಾಣುತ್ತಾನೆ, ಜೊತೆಗೆ ಅವನ ಹಿಂದಿನ ಆರು ತಿಂಗಳೂ ಮಾತಿಲ್ಲದೆ ತಿಳಿಯುತ್ತವೆ. ಲುಂಗಿಯ ಚೌಕಳಿಯನ್ನು ಬಿಡಬೇಕೆನ್ನುವುದಕ್ಕೆ ಬೇರೆಯೇ ಕಾರಣವಿದೆ. ಸೆಕೆಂಡಿಗೆ 24 ಫ್ರೇಮಿನಂತೆ ಎರಡು ನಿಮಿಷಕ್ಕೆ 2880 ಫ್ರೇಮ್; ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 1440 ಚಿತ್ರ. ಅಷ್ಟು ಸಲ ಚೌಕಳಿಯನ್ನು ಮಡಿಕೆಗೆ ತಕ್ಕಂತೆ ಬರೆಯುವುದು ನಿಮ್ಮೊಬ್ಬರಿಂದ ಆಗುವ ಕೆಲಸವಲ್ಲ. ಬರೆದರೂ ಅದು ಪರದೆಯ ಮೇಲೆ ಹುಳ ಹರಿದಾಡಿದಂತೆ ಕುದಿಯುತ್ತದೆ. ಅಂಗಿಯ ಗುಂಡಿಗಳೂ ಇದೇ ಲೆಕ್ಕದಲ್ಲಿ ಹೋಗಲಿ.

ಮಾಡೆಲ್ ಶೀಟಿನಲ್ಲಿ, ಅಂದರೆ ಪಾತ್ರದ ಮಾದರಿ ಹಾಳೆಯಲ್ಲಿ, ಎದುರು, ಮುಕ್ಕಾಲು, ಪಕ್ಕ, ಹಿಂಬದಿ ನಾಲ್ಕೂ ನೋಟಗಳಿರಬೇಕೆಂದು ನಿಮಗೆ ಹೇಳಿಕೊಟ್ಟಿರುತ್ತಾರೆ. ಅದರ ಪಕ್ಕದಲ್ಲೇ ಅವನ ಮನೆಯ ಜಗಲಿ, ಬಾಗಿಲು, ದೋಟಿ, ಅಡಿಕೆ ಕೊನೆ ಇವುಗಳನ್ನೂ ಒಂದೇ ಅಳತೆಗೋಲಿನಲ್ಲಿ ಬರೆದಿಡಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೂರು ತಲೆ ಎತ್ತರದ ಅಜ್ಜಿಯೊಬ್ಬಳಿಗೆ ಏಳು ತಲೆಯ ಮನುಷ್ಯರಿಗೆ ಸರಿಹೊಂದುವ ಜಗಲಿ ಬರೆದುಕೊಟ್ಟಿದ್ದೆ. ಅಜ್ಜಿ ಕುಳಿತಾಗ ಕಾಲು ನೆಲ ಮುಟ್ಟದೆ ಎಳೆಮಗುವಿನಂತೆ ತೂಗಾಡುತ್ತಿತ್ತು. ಹನ್ನೊಂದು ಹಿನ್ನೆಲೆಗಳನ್ನು ಮತ್ತೆ ಬರೆದೆ.

ಪ್ರಶ್ನೆ: ತೊಗಲುಗೊಂಬೆಯ ಶೈಲಿಯಲ್ಲಿ ಪಾತ್ರವೊಂದನ್ನು ರೂಪಿಸುತ್ತಿದ್ದೇನೆ. ಪರಂಪರೆಯಿಂದ ತೆಗೆದುಕೊಂಡದ್ದನ್ನು ಸ್ವಂತದ್ದೆಂದು ಹೇಳಬಹುದೇ? ಅದಕ್ಕೆ ಹಿನ್ನೆಲೆ ಹೇಗಿರಬೇಕು?
— ಓದುಗರು, ಧಾರವಾಡ

ಉತ್ತರ: ನೀವು ಏನನ್ನು ತೆಗೆದುಕೊಂಡಿರಿ ಎಂಬುದನ್ನು ನೋಡಿ ಹೇಳಬೇಕಾದ ಮಾತಿದು. ಹಳೆಯ ಹನುಮಂತನ ಕಿರೀಟ, ಬಾಲ, ಒಡವೆಗಳನ್ನು ಹಾಗೆಯೇ ಎತ್ತಿ ಮೊಬೈಲ್ ಹಿಡಿಸಿದರೆ ಅದು ವೇಷ ಬದಲಿಸಿದ ಹನುಮಂತನೇ ಹೊರತು ನಿಮ್ಮ ಪಾತ್ರವಲ್ಲ. ಗೊಂಬೆ ಹಾಗೇಕೆ ಇದೆ ಎಂಬ ಕಾರಣವನ್ನು ತೆಗೆದುಕೊಳ್ಳಿ. ಹದಮಾಡಿದ ತೊಗಲು ಬೆಳಕನ್ನು ತನ್ನೊಳಗೆ ಹಾಯಿಸುತ್ತದೆ, ದೀಪ ಹಿಂದಿರುತ್ತದೆ. ಆದ್ದರಿಂದ ಅಲ್ಲಿ ಮುಖದ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು ಎಂಬುದಿಲ್ಲ. ಒಡವೆಯ ಹೊಳಪು ಬಣ್ಣದಿಂದ ಬಂದದ್ದಲ್ಲ, ಉಳಿಯಿಂದ ಕೊರೆದ ರಂಧ್ರಗಳಿಂದ ಬಂದದ್ದು. ಮುಖ ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತದೆ, ಕಣ್ಣು ಮಾತ್ರ ದೊಡ್ಡದಾಗಿ ಪೂರ್ತಿ ಕಾಣುತ್ತದೆ. ಈ ಮೂರು ನಿಯಮಗಳೊಳಗೆ ಒಬ್ಬ ಬಸ್ ಕಂಡಕ್ಟರನ್ನೋ ರೊಟ್ಟಿ ಬಡಿಯುವ ಹೆಂಗಸನ್ನೋ ಬರೆದು ನೋಡಿ. ಅವರು ಯಾವ ಹಳೆಯ ಗೊಂಬೆಯ ನಕಲೂ ಆಗಿರುವುದಿಲ್ಲ. 1926ರಲ್ಲಿ ಜರ್ಮನಿಯ ಲೋಟೆ ರೈನಿಗರ್ ಕಪ್ಪು ಕಾಗದದ ಆಕೃತಿಗಳನ್ನು ಕತ್ತರಿಸಿ, ಕೀಲುಗಳಲ್ಲಿ ಜೋಡಿಸಿ ಪೂರ್ಣ ಪ್ರಮಾಣದ ಚಿತ್ರವನ್ನೇ ಮಾಡಿದರು. ಅಲ್ಲಿಯೂ ಮುಖಭಾವದ ಕೆಲಸವನ್ನೆಲ್ಲ ಬೆರಳು, ಕತ್ತುಗಳೇ ಮಾಡುತ್ತವೆ.

ಹಿನ್ನೆಲೆಗೆ ಆಟದ ಬಿಳಿ ಪರದೆಯೇ ಸಾಕೆಂದು ನನ್ನ ಅಭಿಪ್ರಾಯ. ದೊಡ್ಡ ಗೊಂಬೆಗಳಲ್ಲಿ ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನು ಕೊರೆದಿರುವುದುಂಟು. ಸ್ಥಳ ಬೇಕಾದಾಗ ಅದು ಪಾತ್ರದ ಜೊತೆಗೇ ಪರದೆಗೆ ಬರುತ್ತದೆ. ಬೆಂಗಳೂರಿಗೆ ಬಂದಾಗ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿರುವ ತೊಗಲುಗೊಂಬೆಗಳನ್ನು ಹತ್ತಿರದಿಂದ ನೋಡಿ. ಒಂದು ಎಚ್ಚರಿಕೆ: ಗೊಂಬೆಯನ್ನು ಮಗುಚಿ ಹಾಕಿ ದಿಕ್ಕು ಬದಲಿಸಿದಂತೆ ಕಂಪ್ಯೂಟರಿನಲ್ಲಿಯೂ ಪಾತ್ರವನ್ನು ಮಗುಚಿದರೆ ಎಡಹೆಗಲಿನ ಸೆರಗು ಬಲಹೆಗಲಿಗೆ ಹೋಗುತ್ತದೆ, ಕಂಡಕ್ಟರನ ಚೀಲವೂ ಪಕ್ಕ ಬದಲಿಸುತ್ತದೆ. ಹಾಗಾಗಿ ಎರಡು ದಿಕ್ಕಿಗೂ ಬೇರೆ ಬೇರೆ ಗೊಂಬೆ ಮಾಡಿಕೊಳ್ಳಿ.

ಪ್ರಶ್ನೆ: ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕೇ?
— ಓದುಗರು, ಹಾಸನ

ಉತ್ತರ: ಬೇಡ. ಹಿನ್ನೆಲೆ ಮತ್ತು ಪಾತ್ರದ ಚಿತ್ರಣಕ್ಕೆ ಕ್ರಿಟಾ, ಚಲನೆಗೆ ಓಪನ್‌ಟೂನ್ಜ್ ಅಥವಾ ಬ್ಲೆಂಡರಿನ ಗ್ರೀಸ್ ಪೆನ್ಸಿಲ್ ಇವೆ, ಎಲ್ಲವೂ ಉಚಿತ. ಉಳಿದ ಹಣದಲ್ಲಿ ಒಂದು ಪೆನ್ ಟ್ಯಾಬ್ಲೆಟ್ ಕೊಳ್ಳಿ.

ಪ್ರಶ್ನೆ: ನಾನು ಸಂಬಳಕ್ಕೆ ದುಡಿಯುವ ಕಡೆ ರೂಪಿಸಿದ ಪಾತ್ರವನ್ನು ನನ್ನ ಹೆಸರಿನಲ್ಲಿ ಬಳಸಿಕೊಳ್ಳಬಹುದೇ? ಕಾಪಿರೈಟ್ ನೋಂದಣಿ ಕಡ್ಡಾಯವೇ?
— ಹೆಸರು ಬೇಡವೆಂದವರು, ಬೆಂಗಳೂರು

ಉತ್ತರ: ನೋಂದಣಿ ಕಡ್ಡಾಯವಲ್ಲ, 1957ರ ಕಾಪಿರೈಟ್ ಕಾಯ್ದೆಯಡಿ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ಬರೆದವರ ಜೀವಿತಾವಧಿಯ ನಂತರವೂ 60 ವರ್ಷ ಇರುತ್ತದೆ. ವಿವಾದ ಬಂದಾಗ ನೋಂದಣಿ ಪತ್ರ ಸಾಕ್ಷ್ಯವಾಗಿ ನೆರವಾಗುತ್ತದೆ, ಅಷ್ಟೆ. ಆದರೆ ಉದ್ಯೋಗದ ಭಾಗವಾಗಿ ರೂಪಿಸಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸ ಕೊಟ್ಟವರದು. ಆದ್ದರಿಂದ ಆ ಪಾತ್ರವನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬೇಡಿ. ‘ಮರ ಹತ್ತುವ ಮುದುಕ’ ಎಂಬ ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಇಂಥದೇ ಟೊಪ್ಪಿ, ಇಂಥದೇ ಮೈಕಟ್ಟಿನಲ್ಲಿ ಬರೆದ ಚಿತ್ರಕ್ಕೆ ಉಂಟು. ಮನೆಯಲ್ಲಿ, ನಿಮ್ಮ ಬಿಡುವಿನಲ್ಲಿ, ನಿಮ್ಮದೇ ಕಂಪ್ಯೂಟರಿನಲ್ಲಿ ಬರೆಯುವ ಪಾತ್ರಗಳ ಕಚ್ಚಾ ಗೀಚುಗಳನ್ನು ದಿನಾಂಕ ಸಮೇತ ಎತ್ತಿಟ್ಟುಕೊಳ್ಳಿ. ಜೊತೆಗೆ ನೇಮಕಾತಿ ಪತ್ರದಲ್ಲಿ ‘ಉದ್ಯೋಗದ ಅವಧಿಯಲ್ಲಿ ರೂಪಿಸಿದ ಎಲ್ಲವೂ’ ಎಂಬರ್ಥದ ಸಾಲು ಇದೆಯೇ ಎಂದು ಇವತ್ತೇ ತೆಗೆದು ಓದಿ. ಇದ್ದರೆ, ನಿಮ್ಮ ಪಾತ್ರವನ್ನು ಹೊರಗೆ ತೋರಿಸುವ ಮೊದಲು ವಕೀಲರೊಬ್ಬರಿಗೆ ಆ ಪತ್ರವನ್ನು ತೋರಿಸಿ.