ತೋಳದ ಅಧ್ಯಯನಕ್ಕೆ ಮೊಂಟಾನಾಗೆ ಬರುವ ಮುನ್ನ

ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಮುಗಿಸಿರುವ ನಿಮಗೆ ಅಮೆರಿಕದ ಮೊಂಟಾನಾದಲ್ಲಿ ತೋಳಗಳ ಕುರಿತು ಪಿಎಚ್.ಡಿ. ಮಾಡುವ ಅವಕಾಶ ದೊರೆತಿದೆ. ಇಲ್ಲಿ ಜೀವನ ಸಾಗುತ್ತದೆಯೇ, ಮುಂದೆ ಉದ್ಯೋಗ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಮದ್ದೂರಿನ ಬಳಿಯ ಹಳ್ಳಿಯವನು. ಹದಿನಾರು ವರ್ಷಗಳಿಂದ ಇದೇ ರಾಜ್ಯದಲ್ಲಿ ಮಾಂಸಾಹಾರಿ ಪ್ರಾಣಿಗಳ ಅಧ್ಯಯನದಲ್ಲಿದ್ದೇನೆ.

ಶುಲ್ಕ ವಿನಾಯಿತಿಯೂ ತಿಂಗಳ ವೇತನವೂ ಇರುವ ಸಹಾಯಕ ಹುದ್ದೆ ನಿಮ್ಮದಾದರೆ ಒಬ್ಬರ ಬದುಕು ಹೇಗೋ ಸಾಗುತ್ತದೆ. ಆದರೆ ಆ ವೇತನ ಬೇಸಿಗೆಗೂ ಉಂಟೇ ಎಂಬುದನ್ನು ವಿಶ್ವವಿದ್ಯಾಲಯ ಕಳಿಸಿದ ಪತ್ರದಲ್ಲಿ ಹುಡುಕಿ ನೋಡಿ. ನನ್ನ ಪತ್ರದಲ್ಲಿ ಒಂಬತ್ತು ತಿಂಗಳಿನದು ಮಾತ್ರ ಇದ್ದುದರಿಂದ ಮೊದಲ ಬೇಸಿಗೆಯನ್ನು ಗೆಳೆಯರ ಸಾಲದಲ್ಲಿ ಕಳೆದೆ. ಉದ್ಯೋಗದ ಮಟ್ಟಿಗೆ, ಕೇಂದ್ರ ಸರ್ಕಾರದ ವನ್ಯಜೀವಿ ಹುದ್ದೆಗಳು ಬಹುಮಟ್ಟಿಗೆ ಇಲ್ಲಿಯ ನಾಗರಿಕರಿಗೇ ಮೀಸಲು; ನಮಗೆ ಉಳಿಯುವುದು ವಿಶ್ವವಿದ್ಯಾಲಯಗಳು ಮತ್ತು ಖಾಸಗಿ ಸಂಸ್ಥೆಗಳು.

ಚಳಿಗೆ ಒಂದು ವರ್ಷದಲ್ಲಿ ಒಗ್ಗಿಕೊಂಡೆ. ಬೇಟೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿ ಬೆಳೆದ ನಮಗೆ ಬೇಟೆಗಾರನೆಂದರೆ ಅಪರಾಧಿ. ಇಲ್ಲಿ 1937ರ ಕಾನೂನೊಂದರಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ವಿಧಿಸುವ ತೆರಿಗೆಯೇ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುತ್ತದೆ. ನಿಮ್ಮ ವೇತನದ ಮೂಲವೂ ಅದೇ ಆಗಿರಬಹುದು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಟ್ಟ ಕಥೆಯನ್ನು ನೀವು ಓದಿರುತ್ತೀರಿ. ಆದರೆ 2011ರಲ್ಲಿ ಕೇಂದ್ರದ ರಕ್ಷಣೆಯನ್ನು ತೆಗೆದುಹಾಕಿದ ಮೇಲೆ ಮೊಂಟಾನಾದಲ್ಲಿ ಪರವಾನಗಿ ಪಡೆದವರು ತೋಳವನ್ನು ಬೇಟೆಯಾಡುತ್ತಾರೆ. ನಾನು ರೇಡಿಯೊ ಕಾಲರ್ ತೊಡಿಸಿ ಎರಡು ವರ್ಷ ಹಿಂಬಾಲಿಸಿದ್ದ ಹೆಣ್ಣು ತೋಳವೊಂದನ್ನು ಹೊಡೆದವರು ಕಾಲರನ್ನು ತಂದು ಸೌಜನ್ಯದಿಂದಲೇ ನನ್ನ ಕೈಗಿತ್ತರು. ಸಂಕಟವನ್ನು ನುಂಗಿಕೊಂಡು, ಎಲ್ಲಿ, ಯಾವಾಗ, ಜೊತೆಗೆ ಎಷ್ಟು ತೋಳಗಳಿದ್ದವು ಎಂದು ಕೇಳಿ ಬರೆದುಕೊಂಡೆ. ಇಂಥ ದಿನ ನಿಮಗೂ ಬರುತ್ತದೆ.

ಆ ದಿನ ನನ್ನ ಕೈ ಹಿಡಿದದ್ದು ಊರಿನ ಅನುಭವ. ಕಬ್ಬಿನ ಕಟಾವಿನಲ್ಲಿ ಚಿರತೆಯ ಮರಿಗಳು ಕಂಡೊಡನೆ ಬೋನು ಇಡಬೇಕೆಂದು ಪಟ್ಟು ಹಿಡಿಯುವ ನಮ್ಮವರು ಚಿರತೆಯ ದ್ವೇಷಿಗಳಲ್ಲ. ಬೆಳಿಗ್ಗೆ ಮಕ್ಕಳನ್ನು ಅದೇ ಗದ್ದೆಯ ಬದುವಿನ ಮೇಲೆ ಶಾಲೆಗೆ ಕಳಿಸಬೇಕಾದವರು. ತೋಳದ ಬಾಯಿಗೆ ಕರುಗಳನ್ನು ಕಳೆದುಕೊಂಡ ಇಲ್ಲಿಯ ರ‍್ಯಾಂಚಿನವರ (ದೊಡ್ಡ ಹುಲ್ಲುಗಾವಲುಗಳಲ್ಲಿ ದನ ಸಾಕುವವರ) ಮಾತಿನಲ್ಲಿಯೂ ನನಗೆ ಅದೇ ಧ್ವನಿ ಕೇಳಿಸಿತು. ಪರಿಹಾರ ನೀಡುವ ಮಂಡಳಿ ಇಲ್ಲಿಯೂ ಇದೆ, ಕೊಂದದ್ದು ಯಾವ ಪ್ರಾಣಿ ಎಂದು ಅಧಿಕಾರಿ ಬಂದು ಕಳೇಬರವನ್ನು ಪರೀಕ್ಷಿಸುವವರೆಗೆ ಕಾಯುವುದೂ ಇದೆ.

ಆದ್ದರಿಂದ ಹೊರಡುವ ಮುನ್ನ ಸಿಗುವ ದಿನಗಳಲ್ಲಿ ಮಂಡ್ಯ, ಟಿ. ನರಸೀಪುರದ ಕಡೆ ಚಿರತೆಗೆ ಕುರಿ, ಕರು ಕಳೆದುಕೊಂಡ ಮನೆಗಳಿಗೆ ಹೋಗಿ, ಪ್ರಶ್ನಾವಳಿಯಿಲ್ಲದೆ ಕುಳಿತು ಅವರ ಮಾತು ಕೇಳಿ. ಹಾಗೆಯೇ ಕಾರು ಓಡಿಸಲು ಚೆನ್ನಾಗಿ ಕಲಿತು ಬನ್ನಿ, ಇಲ್ಲಿ ಅದಿಲ್ಲದೆ ಕಾಡಿನ ಅಂಚನ್ನೂ ಮುಟ್ಟಲಾಗದು. ಚಳಿಯ ಉಡುಪನ್ನು ಮಾತ್ರ ಅಲ್ಲಿಂದ ಕೊಂಡು ತರಬೇಡಿ. ಬಂದ ವಾರವೇ ಇಲ್ಲಿ ಜೊತೆಗೆ ಹೋಗಿ ಕೊಳ್ಳೋಣ.